ಮಾರುತಿ ಈಕೋ ವ್ಯಾನಿನ ಡಿಕ್ಕಿಗೆ ಹೊರಗೆಳೆಯೋ ಟ್ರೇ: ಪೂರ್ತಿ ಟ್ರೇ ತರಿಸ್ಬೇಡಿ, ಚಾನಲ್ ಮಾತ್ರ ತರಿಸಿ

ನೀವು ಕೇಳಿರೋದು ಇಷ್ಟು: ಮನೆಯವ್ರ ಜೊತೆ ಓಡಾಡೋಕೆ ಈಕೋನ ಕ್ಯಾಂಪರ್ (ಅಡುಗೆ, ಮಲಗೋ ವ್ಯವಸ್ಥೆ ಇರೋ ಗಾಡಿ) ಮಾಡ್ತಿದೀರ, ಹಿಂದಿನ ಡೋರ್ ಎತ್ತಿ ಎಳೆದ್ರೆ ಒಲೆ, ಪಾತ್ರೆ, ಸಾಮಾನು ಎಲ್ಲಾ ಹೊರಗೆ ಬರೋ ಥರ ಟ್ರೇ ಬೇಕು, ಆಸ್ಟ್ರೇಲಿಯಾದ್ದು ತರಿಸೋದಾ ಚೈನಾದ್ದು ತರಿಸೋದಾ, ಕಸ್ಟಮ್ಸ್ ಲೆಕ್ಕ ಹೇಗೆ ಅಂತ. ನಾನಿರೋದು ವಿಜಯನಗರದಲ್ಲಿ, ನಮ್ದೂ ಈಕೋನೇ, ಈ ಕೆಲಸ ಎರಡು ಸಲ ಮಾಡಿದೀನಿ. ಮೊದಲನೇ ಸಲ ಪೂರ್ತಿ ಟ್ರೇ ಹೊರದೇಶದಿಂದ ತರಿಸ್ದೆ, ಎರಡನೇ ಸಲ ಚಾನಲ್ (ಟ್ರೇ ಜಾರೋಕೆ ಎರಡೂ ಪಕ್ಕ ಹಾಕೋ ಕಂಬಿ) ಮಾತ್ರ ತರಿಸಿ ಟ್ರೇನ ಬೆಂಗಳೂರಿನ ಪೀಣ್ಯದಲ್ಲಿ ಮಾಡಿಸ್ದೆ. ನಿಮಗೂ ಎರಡನೇ ದಾರೀನೇ ಹೇಳೋದು.

ಮೊದಲ ಕಾರಣ ಅಳತೆ. ಈಕೋ ಹೊರಗಿನ ಅಗಲವೇ 1475 ಮಿಮೀ, ಅಮೆರಿಕಾದವ್ರು ಟ್ರೇ ಮಾಡೋದು ಟ್ರಾನ್ಸಿಟ್, ಸ್ಪ್ರಿಂಟರ್ ಥರದ ಎರಡು ಮೀಟರ್ ಅಗಲದ ವ್ಯಾನ್‌ಗಳಿಗೆ, ಆಸ್ಟ್ರೇಲಿಯಾದವ್ರು ಲ್ಯಾಂಡ್ ಕ್ರೂಸರ್, ಹೈಲಕ್ಸ್, ಹೈಏಸ್‌ಗೆ, ಅದ್ರಲ್ಲಿ ನಮ್ಮ ಗಾಡಿಗೆ ಅಂತ ಯಾವ್ದೂ ಇರಲ್ಲ, ಹತ್ತಿರದ ಸೈಜ್ ನೋಡಿ ಆರ್ಡರ್ ಮಾಡ್ಬೇಕಾಗತ್ತೆ. ನಾನು ಒಳಗೆ ಎರಡು ಚಕ್ರದ ಉಬ್ಬುಗಳ ನಡುವೆ ಟೇಪ್ ಹಿಡಿದು ಅಳೆದು ಆರ್ಡರ್ ಮಾಡ್ದೆ, ಟ್ರೇ ಒಳಗೇನೋ ಕೂತ್ಕೊಳ್ತು, ಆದ್ರೆ ಹೊರಗೆ ಎಳೀವಾಗ ಬಾಗಿಲ ಹತ್ರ ಇರೋ ಪ್ಲಾಸ್ಟಿಕ್ ಪಟ್ಟಿಗೆ ತಾಗ್ತಿತ್ತು. ಆದ್ದರಿಂದ ಮೂರು ಕಡೆ ಅಳೀರಿ: ಉಬ್ಬುಗಳ ನಡುವೆ, ಬಾಗಿಲ ಬಾಯಲ್ಲಿ ಅತೀ ಕಿರಿದಾದ ಜಾಗದಲ್ಲಿ, ಆಮೇಲೆ ಡೋರ್ ಲಾಕ್ ಕೂರೋ ಕೊಂಡಿಯ ಎತ್ತರ. ಆ ಕೊಂಡಿ ನೆಲದಿಂದ ಎಷ್ಟು ಮೇಲೆ ನಿಂತಿದ್ಯೋ ಅದಕ್ಕಿಂತ ಟ್ರೇ ತಳ ಮೇಲಿರ್ಬೇಕು, ಇಲ್ಲಾಂದ್ರೆ ಟ್ರೇ ಅದಕ್ಕೆ ಹೊಡ್ಕೊಳತ್ತೆ.

ಎರಡನೇ ಕಾರಣ ಲಾಕ್, ಇದನ್ನ ದಯವಿಟ್ಟು ನಿಧಾನವಾಗಿ ಓದಿ. ನಾನು ತರಿಸಿದ ಟ್ರೇಗೆ ಒಳಗೆ ಹೋದಾಗ ಮಾತ್ರ ಲಾಕ್ ಇತ್ತು, ಹೊರಗೆ ಎಳೆದಾಗ ಲಾಕ್ ಇರ್ಲಿಲ್ಲ, ಮಾರೋನ ಪೇಜಲ್ಲಿ ಬರೀ 'ಲಾಕಿಂಗ್' ಅಂತ ಇತ್ತು, ನಾನೂ ಕೇಳ್ಲಿಲ್ಲ. ಸಕಲೇಶಪುರದ ಹತ್ರ ಒಂದು ತೋಟದಲ್ಲಿ ಗಾಡಿ ನಿಲ್ಸಿದ್ವಿ, ಮುಂದಿನ ಚಕ್ರ ಸ್ವಲ್ಪ ತಗ್ಗಲ್ಲಿತ್ತು, ಟ್ರೇ ಹೊರಗೆಳೆದು ಒಲೆ ಮೇಲೆ ಸಾರು ಇಟ್ಟಿದ್ವಿ, ನಮ್ಮನೆಯವಳು ಪಕ್ಕದ ಡಬ್ಬಿ ತೆಗೆಯೋಕೆ ಕೈ ಇಟ್ಟಿದಾಳೆ, ಅಷ್ಟರಲ್ಲಿ ಇಡೀ ಟ್ರೇ ತಾನಾಗೇ ಒಳಗೆ ಜಾರ್ತು. ಎರಡು ಬೆರಳು ಸಿಕ್ಕಾಕೊಂಡು ಊದ್ಕೊಂಡ್ವು, ಸಾರು ಚೆಲ್ತು, ಪುಣ್ಯಕ್ಕೆ ಕಾಲ ಮೇಲೆ ಬೀಳ್ಲಿಲ್ಲ. ಅವತ್ತೇ ಆ ಟ್ರೇ ಬಿಚ್ಚಿ ಹಾಕೋದು ಅಂತ ತೀರ್ಮಾನ ಮಾಡ್ದೆ. ಚಿಕ್ಕ ಮಕ್ಕಳಿರೋ ಮನೆಗೆ ಎರಡೂ ತುದೀಲಿ ಲಾಕ್ ಆಗೋ ಚಾನಲ್ ಬಿಟ್ಟು ಬೇರೆ ಯಾವ್ದೂ ಬೇಡ.

ಒಳಗಿನ ಲಾಕ್ ಯಾಕೆ ಬೇಕು ಅಂದ್ರೆ, ಬ್ರೇಕ್ ಹಾಕ್ದಾಗ ಟ್ರೇ ಮುಂದಕ್ಕೆ ನುಗ್ಗತ್ತೆ, ಅದನ್ನ ಸ್ಟಾಪರ್ ತಡೆಯತ್ತೆ, ಆದ್ರೆ ಚಾರ್ಮಾಡಿ ಥರದ ಘಾಟಿ ಹತ್ತುವಾಗ ಟ್ರೇ ಹಿಂದಕ್ಕೆ ಬಂದು ಡಿಕ್ಕಿ ಬಾಗಿಲ ಮೇಲೆ ಒರಗತ್ತೆ, ಏರಲ್ಲಿ ನಿಲ್ಸಿ ಬಾಗಿಲು ತೆಗೆದ್ರೆ ಅಷ್ಟೂ ಭಾರ ನೇರ ಹೊಟ್ಟೆಗೆ ಬರತ್ತೆ. ಬಾಗಿಲಿನ ಲಾಕ್ ನಂಬ್ಕೊಂಡು ಟ್ರೇಗೆ ಲಾಕ್ ಇಲ್ದೆ ಓಡಿಸ್ಬೇಡಿ.

ಚಾನಲ್ ಬಗ್ಗೆ. ಅಡುಗೆಮನೆ ಡ್ರಾಯರ್‌ಗೆ ಕಾರ್ಪೆಂಟರ್ ಹಾಕೋ ಟೆಲಿಸ್ಕೋಪಿಕ್ ಚಾನಲ್ 45 ಮಿಮೀ ಎತ್ತರ, ಒಂದೊಂದು ಪಕ್ಕಕ್ಕೆ 12.7 ಮಿಮೀ ಜಾಗ, ತಾಕತ್ತು 35-45 ಕೆಜಿ, ಅದು ಗಾಡಿಗಲ್ಲ. ನಿಮಗೆ ಬೇಕಿರೋದು 76 ಮಿಮೀ ಎತ್ತರದ ಹೆವಿ ಡ್ಯೂಟಿ, ಪಕ್ಕಕ್ಕೆ 19 ಮಿಮೀ ತಗೊಳತ್ತೆ, ಅಂದ್ರೆ ಟ್ರೇ ಅಗಲದಲ್ಲಿ ಎರಡೂ ಕಡೆ ಸೇರಿ 38 ಮಿಮೀ ಮೊದಲೇ ಕಳೀಬೇಕು. ಅಕ್ಯುರೈಡ್ ಕಂಪನಿಯ 9301 ಈ ಜಾತಿಯದು, 9308 ಅಂತ ಇರೋದು ಎರಡೂ ತುದೀಲಿ ಲಾಕ್ ಆಗೋದು. ಚೈನಾದಲ್ಲೂ ಇದೇ ಅಳತೆಯವು ಸಿಗ್ತವೆ, 'ಒಳಗೂ ಹೊರಗೂ ಎರಡೂ ಕಡೆ ಲಾಕ್ ಆಗತ್ತಾ, ವಿಡಿಯೋ ಕಳ್ಸಿ' ಅಂತ ಕೇಳಿ, ಕಳಿಸ್ದೆ ಇದ್ರೆ ಬಿಟ್ಬಿಡಿ. ಬರೆದಿರೋ ಕೆಜಿ ಜೋಡಿಗೆ, ಅದೂ ಚಾನಲ್ ನಿಂತ ಹಾಗೆ ಪಕ್ಕಕ್ಕೆ ಕೂರಿಸಿದಾಗ, ಅದನ್ನೇ ನೆಲಕ್ಕೆ ಮಲಗಿಸಿ ಹಾಕಿದ್ರೆ ತಾಕತ್ತು ಬಹಳ ಇಳಿಯತ್ತೆ. ಇನ್ನೊಂದು, ಮುಕ್ಕಾಲು ಭಾಗ ಮಾತ್ರ ಹೊರಗೆ ಬರೋದು ಅಗ್ಗ, ಆದ್ರೆ ಹಿಂದಿನ ಕಾಲು ಭಾಗದಲ್ಲಿ ಇಟ್ಟ ಸಾಮಾನಿಗೆ ಪ್ರತೀ ಸಲ ಬಗ್ಗಿ ಕೈ ಹಾಕ್ಬೇಕು, ಪೂರ್ತಿ ಬರೋದೇ ತಗೊಳ್ಳಿ.

ಚಾನಲ್ ಗಟ್ಟಿ ಇದ್ರೆ ಸಾಲ್ದು, ನೆಲಕ್ಕೆ ಹಿಡಿದಿರೋ ಬೋಲ್ಟೂ ಗಟ್ಟಿ ಇರ್ಬೇಕು. 900 ಮಿಮೀ ಟ್ರೇ ಪೂರ್ತಿ ಹೊರಗಿದೆ, ಮೇಲೆ ಹರಡಿದ ಭಾರ 60 ಕೆಜಿ ಅಂದ್ಕೊಳ್ಳಿ, ಅದರ ನಡು ಗಾಡಿ ಅಂಚಿಂದ 450 ಮಿಮೀ ಆಚೆ, ಒಳಗಿನ ಕೊನೇ ಬೋಲ್ಟ್ ಅಂಚಿಂದ 850 ಮಿಮೀ ಈಚೆ, ಆಗ ಆ ಬೋಲ್ಟನ್ನ ಸುಮಾರು 32 ಕೆಜಿ ಮೇಲಕ್ಕೆ ಕೀಳ್ತಿರತ್ತೆ. 25 ಕೆಜಿ ತೂಕದ ಮಗು ತುದೀಲಿ ಹತ್ತಿ ಕೂತ್ರೆ ಇನ್ನೂ 26 ಕೆಜಿ ಸೇರತ್ತೆ, ಮಕ್ಕಳು ಹತ್ತೇ ಹತ್ತುತ್ವೆ. ಗಾಡಿ ನೆಲದ ತಗಡು ತೆಳು, ಬರೀ ಸ್ಕ್ರೂ ಕಿತ್ಕೊಂಡು ಬರತ್ತೆ, ಕೆಳಗಡೆಯಿಂದ 3 ಮಿಮೀ ಪ್ಲೇಟ್ ಕೊಟ್ಟು ಬೋಲ್ಟ್ ಹಾಕ್ಸಿ, ಡ್ರಿಲ್ ಇಡೋಕೆ ಮುಂಚೆ ಗಾಡಿ ಎತ್ತಿಸಿ ಬ್ರೇಕ್ ಪೈಪು, ಪೆಟ್ರೋಲ್ ಪೈಪು ಎಲ್ಲಿ ಹೋಗಿವೆ ಅಂತ ಕಣ್ಣಾರೆ ನೋಡಿ.

ಈಗ ತರಿಸೋ ಲೆಕ್ಕ. ಏರ್ ಕೊರಿಯರ್‌ನವ್ರು ಅಸಲಿ ತೂಕ ಮತ್ತು ಡಬ್ಬದ ಗಾತ್ರದ ತೂಕ ಎರಡ್ರಲ್ಲಿ ಜಾಸ್ತಿ ಯಾವ್ದೋ ಅದಕ್ಕೆ ದುಡ್ಡು ಹಾಕ್ತಾರೆ, ಗಾತ್ರದ ತೂಕ ಅಂದ್ರೆ ಸೆಂಟಿಮೀಟರ್‌ನಲ್ಲಿ ಉದ್ದ ಅಗಲ ಎತ್ತರ ಗುಣಿಸಿ ಸಾಮಾನ್ಯವಾಗಿ 5000ರಿಂದ ಭಾಗಿಸೋದು. ಪೂರ್ತಿ ಟ್ರೇ ಡಬ್ಬ 110, 75, 20 ಇದ್ರೆ 33 ಕೆಜಿ ಆಯ್ತು, ಒಳಗೆ ಬಹುಪಾಲು ಗಾಳಿ. ಅದೇ ಒಂದು ಜೊತೆ ಚಾನಲ್ ಉದ್ದ ಸಣ್ಣ ಡಬ್ಬದಲ್ಲಿ ಬರತ್ತೆ, ಅದಕ್ಕೆ ಅಸಲಿ ತೂಕವೇ ಲೆಕ್ಕ. ಡ್ಯೂಟಿನೂ ಬರೀ ಸಾಮಾನಿನ ಬೆಲೆ ಮೇಲಲ್ಲ, ಬೆಲೆ, ಸಾಗಾಣಿಕೆ, ವಿಮೆ ಮೂರೂ ಸೇರಿಸಿದ ಮೊತ್ತದ ಮೇಲೆ. ಬೇಸಿಕ್ ಡ್ಯೂಟಿ, ಅದರ 10% ಸಮಾಜ ಕಲ್ಯಾಣ ಸರ್‌ಚಾರ್ಜ್, ಇವೆಲ್ಲಾ ಕೂಡಿದ್ಮೇಲೆ ಬರೋ ಮೊತ್ತಕ್ಕೆ ಐಜಿಎಸ್‌ಟಿ (ಆಮದಿಗೆ ಹಾಕೋ ಜಿಎಸ್‌ಟಿ). ಹಾಗಾಗಿ ಗಾಳಿಗೆ ಕೊಟ್ಟ ಬಾಡಿಗೆಗೂ ನೀವು ತೆರಿಗೆ ಕಟ್ತೀರ, ನಾನು ಕಟ್ಟಿದೀನಿ. ದರಗಳು ಬಜೆಟ್‌ನಲ್ಲಿ ಬದಲಾಗ್ತಿರ್ತವೆ, ಆರ್ಡರ್ ಹಾಕೋ ದಿನದ ದರ ನೋಡ್ಕೊಳ್ಳಿ. ಇನ್‌ವಾಯ್ಸ್‌ನಲ್ಲಿ ಬೆಲೆ ಕಮ್ಮಿ ತೋರಿಸ್ತೀನಿ ಅಂತ ಮಾರೋನು ಹೇಳ್ತಾನೆ, ಬೇಡ ಅನ್ನಿ, ಕಸ್ಟಮ್ಸ್‌ನವ್ರು ಪೇಮೆಂಟ್ ಪ್ರೂಫ್ ಕೇಳಿದ್ರೆ ಸಿಕ್ಕಾಕೊಳ್ಳೋದು ನೀವು. ಪಾರ್ಸಲ್ ಮೇಲಿನ ಹೆಸರು ನಿಮ್ಮ ಕೆವೈಸಿ (ಗುರುತಿನ) ದಾಖಲೆಯಲ್ಲಿ ಇದ್ದ ಹಾಗೇ ಇರ್ಲಿ. ಹಡಗಲ್ಲಿ ತರಿಸೋದು ಒಂದು ಟ್ರೇಗೆ ಕಟ್ಟೋ ಲೆಕ್ಕ ಅಲ್ಲ.

ಟ್ರೇ ಮಾಡ್ಸೋಕೆ ಪೀಣ್ಯ ಸಾಕು, ಲೇಸರ್ ಕಟಿಂಗ್, ಬೆಂಡಿಂಗ್, ಪೌಡರ್ ಕೋಟಿಂಗ್ ಎಲ್ಲಾ ಅಕ್ಕಪಕ್ಕದಲ್ಲೇ ಆಗತ್ತೆ, ಒಂದೇ ಪೀಸ್ ಅಂದ್ರೆ ಕೆಲವರು ಒಪ್ಪಲ್ಲ, ಸಣ್ಣ ಶೆಡ್‌ನವ್ರನ್ನ ಕೇಳಿ, ಕೈಯಲ್ಲಿ ಬರೆದ ಚಿತ್ರವಾದ್ರೂ ಅಳತೆ ಸಮೇತ ತಗೊಂಡ್ ಹೋಗಿ, ಚಾನಲ್ ಕೈಗೆ ಬಂದ್ಮೇಲೇ ಹೋಗಿ. 3 ಮಿಮೀ ಅಲ್ಯೂಮಿನಿಯಂ ಶೀಟ್ ಚದರ ಮೀಟರ್‌ಗೆ ಸುಮಾರು 8 ಕೆಜಿ, ಅದೇ ದಪ್ಪದ ಕಬ್ಬಿಣ 23 ಕೆಜಿ ದಾಟತ್ತೆ. ನಾನು ಅಲ್ಯೂಮಿನಿಯಂ ಹಾಕಿಸ್ದೆ. ಚಾನಲ್‌ನ ಬಾಲ್‌ಗಳಿಗೆ ಗ್ರೀಸ್ ಬಳೀಬೇಡಿ, ಹಂಪಿ ಕಡೆಯ ಧೂಳು ಅದಕ್ಕೆ ಅಂಟ್ಕೊಂಡು ಉಪ್ಪುಕಾಗದ ಥರ ಆಗತ್ತೆ, ಬ್ರಷ್ ಹೊಡೆದು ಒಣ ಲೂಬ್ರಿಕೆಂಟ್ ಹಾಕಿ.

ಒಂದು ಕಾನೂನಿನ ಮಾತು: ಹಿಂದಿನ ಸೀಟು ಕಾಯಂ ತೆಗೆದ್ರೆ ಆರ್‌ಸಿಯಲ್ಲಿರೋ ಸೀಟಿನ ಸಂಖ್ಯೆಗೂ ಗಾಡಿಗೂ ತಾಳೆ ಬೀಳಲ್ಲ, ಮೋಟಾರು ವಾಹನ ಕಾಯ್ದೆ 1988ರ 52ನೇ ಸೆಕ್ಷನ್ ಇದಕ್ಕೇ ಇರೋದು, ಆರ್‌ಟಿಒದಲ್ಲಿ ಮೊದಲು ಕೇಳಿ.

ಫಿಟ್ಟಿಂಗ್ ಆದ್ಮೇಲೆ ಮನೆ ಮುಂದೆ ಟ್ರೇ ಹೊರಗೆಳೆದು 20 ಲೀಟರ್ ನೀರಿನ ಕ್ಯಾನ್ ಮೂರು ಇಟ್ಟು ಒಂದು ಗಂಟೆ ಬಿಡಿ, ಒಳಗಿನ ಕೊನೇ ಬೋಲ್ಟಿನ ಹತ್ರ ನೆಲ ಎದ್ದಿದ್ಯಾ ನೋಡಿ, ಕೂದಲೆಳೆ ಎದ್ದಿದ್ರೂ ಪ್ಲೇಟ್ ದೊಡ್ಡದು ಹಾಕ್ಸಿ. ಆ ಮೂರು ಅಳತೆ ತಗೊಂಡ್ಮೇಲೆ ಇಲ್ಲೇ ಹಾಕಿ, ಯಾವ ಉದ್ದದ ಚಾನಲ್ ಅಂತ ನೋಡಿ ಹೇಳ್ತೀನಿ.