ಕಾಫಿ ಹೆಚ್ಚಾಗಲಿಲ್ಲ, ಎದೆಬಡಿತ ಹೆಚ್ಚಾಯಿತು: ಒಂದು ಆಪ್ತಸಲಹೆ ಪ್ರಕರಣ

ನಲವತ್ತರ ಆಸುಪಾಸಿನ ಈ ಸಲಹಾರ್ಥಿಯನ್ನು ನನ್ನ ಬಳಿಗೆ ಕಳುಹಿಸಿದವರು ಹೃದ್ರೋಗ ತಜ್ಞರು. ಗುರುತು ಸಿಗಬಹುದಾದ ವಿವರಗಳನ್ನು ಇಲ್ಲಿ ಬದಲಿಸಿದ್ದೇನೆ. ಇಸಿಜಿ, ಎಕೋ (ಹೃದಯದ ಸ್ಕ್ಯಾನ್), ಥೈರಾಯ್ಡ್ ಪರೀಕ್ಷೆ ಸರಿಯಾಗಿದ್ದವು. ಮೈಮೇಲೆ ಧರಿಸಿಕೊಂಡೇ ಎದೆಬಡಿತ ದಾಖಲಿಸುವ ಹೋಲ್ಟರ್ ಯಂತ್ರದ 24 ಗಂಟೆಗಳ ದಾಖಲೆಯಲ್ಲಿ ಅಲ್ಲೊಂದು ಇಲ್ಲೊಂದು ಹೆಚ್ಚುವರಿ ಬಡಿತವಷ್ಟೇ ಕಂಡಿತ್ತು. ಆದರೂ ನಡುರಾತ್ರಿ ಎದೆ ಡವಡವ ಹೊಡೆದುಕೊಂಡು ಎಚ್ಚರವಾಗುತ್ತದೆ, ಹೃದಯ ನಿಂತೇಹೋಗುತ್ತದೆ ಎಂಬ ಭಯ ಹತ್ತಿಕೊಳ್ಳುತ್ತದೆ ಎಂಬುದು ಅವರ ಅಳಲು.

ದಿನಕ್ಕೆ ಐದು ದೊಡ್ಡ ಕಪ್ ಕಾಫಿ ಹಾಗೂ ಸಂಜೆ ಒಂದು ಎನರ್ಜಿ ಡ್ರಿಂಕ್ ಅವರ ರೂಢಿ. ಒಟ್ಟು ಕೆಫೀನ್ 500 ಮಿಲಿಗ್ರಾಂ ದಾಟುತ್ತಿತ್ತು. ಆರೋಗ್ಯವಂತ ವಯಸ್ಕರಿಗೆ ದಿನಕ್ಕೆ 400 ಮಿಲಿಗ್ರಾಂವರೆಗೆ ಸಾಮಾನ್ಯವಾಗಿ ಅಪಾಯವಿಲ್ಲ ಎಂದು ಯುರೋಪಿನ ಆಹಾರ ಸುರಕ್ಷತಾ ಪ್ರಾಧಿಕಾರ 2015ರಲ್ಲಿ ಹೇಳಿದೆ. ಇದನ್ನು ವಿವರಿಸಿದಾಗ ಅವರು, “ವರ್ಷಗಳಿಂದ ಇಷ್ಟೇ ಕುಡಿಯುತ್ತಿದ್ದೇನಲ್ಲ, ಆಗೆಲ್ಲ ಏನೂ ಆಗಲಿಲ್ಲವಲ್ಲ?” ಎಂದು ಕೇಳಿದರು. ತಳ್ಳಿಹಾಕುವಂಥ ಪ್ರಶ್ನೆ ಅದಲ್ಲ. ಉತ್ತರ ಸಿಕ್ಕಿದ್ದು, ಮಾತಿನ ನಡುವೆ ಅವರು ಹೆಮ್ಮೆಯಿಂದ ಹೇಳಿದ ಇನ್ನೊಂದು ಸಂಗತಿಯಲ್ಲಿ: ತೊಂದರೆ ಶುರುವಾಗುವುದಕ್ಕೆ ಸ್ವಲ್ಪ ಮುಂಚೆ ಅವರು ಸಿಗರೇಟು ಬಿಟ್ಟಿದ್ದರು.

ತಂಬಾಕಿನ ಹೊಗೆಯಲ್ಲಿರುವ ಕೆಲವು ರಾಸಾಯನಿಕಗಳು ಕೆಫೀನನ್ನು ಒಡೆಯುವ ಯಕೃತ್ತಿನ ಕಿಣ್ವವನ್ನು ಚುರುಕುಗೊಳಿಸುವುದರಿಂದ, ಧೂಮಪಾನಿಗಳ ದೇಹದಿಂದ ಕೆಫೀನ್ ಬೇಗನೆ ಹೊರಬೀಳುತ್ತದೆ. ಸಿಗರೇಟು ನಿಂತ ಕೆಲವೇ ದಿನಗಳಲ್ಲಿ ಆ ಚುರುಕು ಇಳಿಯುತ್ತದೆ. ಕುಡಿಯುವ ಕಾಫಿ ಅಷ್ಟೇ ಇದ್ದರೂ ರಕ್ತದಲ್ಲಿ ಉಳಿಯುವ ಕೆಫೀನ್ ಏರುತ್ತದೆ. ದಣಿವನ್ನು ತಿಳಿಸುವ ಅಡೆನೋಸಿನ್‌ಗೆ ಅಡ್ಡನಿಂತು, ಎದೆಬಡಿತ ಏರಿಸುವ ಅಡ್ರಿನಲಿನ್ ಹೆಚ್ಚಿಸುವ ಈ ವಸ್ತು ಸಾಮಾನ್ಯವಾಗಿ ಅರ್ಧಕ್ಕಿಳಿಯಲು ಸುಮಾರು ಐದು ಗಂಟೆ ಬೇಕು. ಸಂಜೆಯ ಡ್ರಿಂಕ್ ನಿದ್ರೆ ಕೆಡಿಸುತ್ತಿತ್ತು, ನಿದ್ರೆಗೆಟ್ಟ ಮಂಪರಿಗೆ ಬೆಳಗಿನ ಕಾಫಿ ಬೇಕಾಗುತ್ತಿತ್ತು, ಭಯವು ಬಡಿತವನ್ನು ಇನ್ನಷ್ಟು ಏರಿಸುತ್ತಿತ್ತು.

ಮೊದಲ ಸಲಹೆ, ಯಾವ ಕಾರಣಕ್ಕೂ ಸಿಗರೇಟಿಗೆ ಮರಳಬಾರದು ಎಂಬುದು. ಹೃದಯಕ್ಕೆ ಅದರಿಂದ ಆಗುವ ಹಾನಿಯ ಮುಂದೆ ಕಾಫಿಯದು ಲೆಕ್ಕಕ್ಕಿಲ್ಲ. ಮಿತವಾದ ಕಾಫಿ ಬಹುತೇಕರ ಹೃದಯಕ್ಕೆ ಹಾನಿಕರವಲ್ಲವಾದ್ದರಿಂದ ಪೂರ್ತಿ ಬಿಡಲು ನಾನು ಹೇಳಲಿಲ್ಲ. ಎನರ್ಜಿ ಡ್ರಿಂಕನ್ನು ಮೊದಲು ನಿಲ್ಲಿಸಿ, ಆಮೇಲೆ ಮೂರು ನಾಲ್ಕು ದಿನಕ್ಕೊಂದರಂತೆ ಕಪ್ ಇಳಿಸುತ್ತ ಎರಡಕ್ಕೆ ಬರಬೇಕು, ಕೊನೆಯದನ್ನು ಮಧ್ಯಾಹ್ನದೊಳಗೆ ಮುಗಿಸಬೇಕು ಎಂದು ನಿಶ್ಚಯಿಸಿದೆವು. ಒಮ್ಮೆಲೇ ಬಿಟ್ಟರೆ 12ರಿಂದ 24 ಗಂಟೆಗಳೊಳಗೆ ತಲೆನೋವು, ಮಂಕು, ಸಿಡುಕು ಶುರುವಾಗಬಹುದು. ತಲೆನೋವಿನ ಕೆಲವು ಮಾತ್ರೆಗಳಲ್ಲಿಯೂ ಕೆಫೀನ್ ಇರುವುದರಿಂದ ಪೊಟ್ಟಣದ ಮೇಲಿನ ವಿವರ ಓದಿಯೇ ನುಂಗಬೇಕೆಂದು ಎಚ್ಚರಿಸಿದೆ. ಕೈಗಡಿಯಾರದಲ್ಲಿ ಗಳಿಗೆಗೊಮ್ಮೆ ನಾಡಿ ನೋಡುವ ಅಭ್ಯಾಸ ಬಿಡುವುದೇ ಅವರಿಗೆ ಎಲ್ಲಕ್ಕಿಂತ ಕಷ್ಟವಾಯಿತು.

ಬಡಿತದ ಜೊತೆಗೆ ಎದೆನೋವು, ಉಸಿರುಗಟ್ಟುವಿಕೆ ಅಥವಾ ಪ್ರಜ್ಞೆ ತಪ್ಪುವಿಕೆ ಕಂಡರೆ ಅದನ್ನು ಆತಂಕವೆಂದು ತಾವೇ ತೀರ್ಮಾನಿಸದೆ ತಕ್ಷಣ ಆಸ್ಪತ್ರೆಗೆ ಹೋಗಬೇಕೆಂದು ಬರೆದುಕೊಟ್ಟಿದ್ದೇನೆ. ರಾತ್ರಿಯ ಎಚ್ಚರಗಳು ಈಗ ವಿರಳವಾಗಿವೆ. ಭಯದ ಕುರಿತ ಭೇಟಿಗಳು ಮುಂದುವರಿದಿವೆ.