ಮೇಷ್ಟ್ರೇ, ತುಣುಕು ಕಳಿಸಿದ್ದೇ ತಪ್ಪು

ತಿಪಟೂರಿನಿಂದ ನಿವೃತ್ತ ಮೇಷ್ಟ್ರೊಬ್ಬರು ನಾಲ್ಕು ಪುಟದ ಪತ್ರ ಬರೆದಿದ್ದಾರೆ. ಸಾರಾಂಶ ಇಷ್ಟು. ಮನೆಯವರ ವಾಟ್ಸಾಪ್ ಗ್ರೂಪಿಗೆ ಅವರು ದಿನಾ ನರಸಿಂಹರಾಜು ಅವರ ಹಾಸ್ಯದ ತುಣುಕು ಕಳಿಸುತ್ತಾರೆ. ಅಳಿಯ ಒಂದು ಹೆಬ್ಬೆಟ್ಟು ಒತ್ತಿ ಸುಮ್ಮನಾಗುತ್ತಾರೆ. ಮೊಮ್ಮಗಳು ಮಾತ್ರ "ತಾತ, ಇದರಲ್ಲಿ ನಗೋದು ಎಲ್ಲಿ?" ಅಂತ ಕೇಳಿದ್ದಾಳೆ. ಮೇಷ್ಟ್ರಿಗೆ ಸಿಟ್ಟು ಬಂದಿದೆ. ಈಗಿನವರಿಗೆ ನಗುವುದೇ ಗೊತ್ತಿಲ್ಲ, ನರಸಿಂಹರಾಜು ಹೋದ ಮೇಲೆ ಕನ್ನಡದಲ್ಲಿ ಹಾಸ್ಯವೇ ಸತ್ತಿತು, ನೀವು ಒಪ್ಪುತ್ತೀರಾ ಎಂದು ನನ್ನನ್ನು ಕೇಳಿದ್ದಾರೆ.

ನಮಸ್ಕಾರ ಮೇಷ್ಟ್ರೇ. ಒಪ್ಪುವುದಿಲ್ಲ. ಆದರೆ ನಿಮ್ಮ ಮೊಮ್ಮಗಳ ಪ್ರಶ್ನೆ ಇದೆಯಲ್ಲ, ಅದು ನನ್ನನ್ನು ಎರಡು ದಿನ ಬಿಡಲಿಲ್ಲ.

ನೀವು ಹೇಳಿದ ತುಣುಕನ್ನೇ ಹುಡುಕಿ ನೋಡಿದೆ. 1965ರ 'ಸತ್ಯ ಹರಿಶ್ಚಂದ್ರ'ದ ನಕ್ಷತ್ರಿಕನದ್ದು. ಎರಡು ನಿಮಿಷ. ಸತ್ಯ ಹೇಳುತ್ತೇನೆ, ನನಗೂ ನಗು ಬರಲಿಲ್ಲ! ನರಸಿಂಹರಾಜು ಹೆಸರು ಕೇಳಿದರೇ ನಗುವವನು ನಾನು. ಹೀಗ್ಯಾಕಾಯ್ತು ಅಂತ ಭಾನುವಾರ ಪೂರ್ತಿ ಸಿನಿಮಾ ಹಾಕಿಕೊಂಡು ಕೂತೆ. ಅದೇ ಜಾಗ ಬಂದಾಗ ಕಾಫಿ ಲೋಟ ಕೆಳಗಿಟ್ಟು ನಕ್ಕೆ.

ವ್ಯತ್ಯಾಸ ಏನು ಹೇಳಿ? ನಕ್ಷತ್ರಿಕ ಅಂದರೆ ಸಾಲ ವಸೂಲಿಗೆ ವಿಶ್ವಾಮಿತ್ರ ಕಳಿಸಿದವನು. ರಾಜ್ಯ ಹೋಗಿದೆ, ಹೆಂಡತಿ ಮಗನನ್ನು ಕಟ್ಟಿಕೊಂಡು ದೊರೆ ಕಾಡು ಮೇಡು ಅಲೆಯುತ್ತಿದ್ದಾನೆ, ಒಂದೇ ಒಂದು ಸುಳ್ಳು ಹೇಳಿದರೆ ಎಲ್ಲ ಕಷ್ಟ ಮುಗಿಯುತ್ತದೆ, ಅವನು ಹೇಳುವುದಿಲ್ಲ. ರಾಜ್‌ಕುಮಾರ್, ಪಂಢರೀಬಾಯಿ ಮುಖ ನೋಡುತ್ತಾ ನೋಡುತ್ತಾ ನಮ್ಮ ಗಂಟಲು ಕಟ್ಟುತ್ತದೆ. ಅಷ್ಟೊತ್ತಿಗೆ ಸರಿಯಾಗಿ ಈ ಮಹಾನುಭಾವ ಆ ಉಬ್ಬುಹಲ್ಲು ಬಿಟ್ಟುಕೊಂಡು ಬಂದು ನಿಲ್ಲುತ್ತಾನೆ. ನಗು ಬರುತ್ತದೆ, ಇಂಥ ಹೊತ್ತಲ್ಲಿ ನಕ್ಕೆನಲ್ಲ ಅಂತ ನಾಚಿಕೆಯೂ ಆಗುತ್ತದೆ. ಆ ಅಳು ಇಲ್ಲದೆ ಈ ನಗು ಇಲ್ಲ. ನೀವು ಕಳಿಸಿದ್ದು ಬರೀ ಉಪ್ಪಿನಕಾಯಿ, ಮೇಷ್ಟ್ರೇ. ಮೊಸರನ್ನವನ್ನು ಕತ್ತರಿಸಿ ಬಿಸಾಕಿದವರು ಯಾರೋ ಬೇರೆ, ಪಾಪ, ನಿಮ್ಮದೇನೂ ತಪ್ಪಿಲ್ಲ.

ಇನ್ನೊಂದು ವಿಷಯ. ನರಸಿಂಹರಾಜು ಬಂದದ್ದು ಕಂಪನಿ ನಾಟಕದಿಂದ. ರಾಜ್‌ಕುಮಾರ್ ಜೊತೆಯಲ್ಲೇ 1954ರ 'ಬೇಡರ ಕಣ್ಣಪ್ಪ'ದಲ್ಲಿ ಹೆಸರು ಮಾಡುವ ಮುಂಚೆ ಎಷ್ಟೋ ವರ್ಷ ರಂಗದ ಮೇಲೆ ಪಳಗಿದ್ದರು. ನಾಟಕದವರಿಗೆ ಒಂದು ಅಭ್ಯಾಸ. ಮಾತು ಎಸೆದು, ಜನ ನಕ್ಕು ಮುಗಿಸುವವರೆಗೆ ಕಾಯುತ್ತಾರೆ. ಆ ಅಭ್ಯಾಸ ಸಿನಿಮಾಕ್ಕೂ ಬಂದಿದೆ ಅಂತ ನನಗೆ ಅನ್ನಿಸುತ್ತದೆ. ಟೆಂಟಿನಲ್ಲಿ ನೂರಾರು ಜನ ಒಟ್ಟಿಗೆ ನಗುತ್ತಿದ್ದಾಗ ಆ ಜಾಗ ತುಂಬಿಕೊಳ್ಳುತ್ತಿತ್ತು. ನಿಮ್ಮ ಮೊಮ್ಮಗಳು ಬಸ್ಸಿನಲ್ಲಿ ಕೂತು ಕಿವಿಗೆ ಇಯರ್‌ಫೋನ್ ಸಿಗಿಸಿಕೊಂಡು ಒಬ್ಬಳೇ ನೋಡಿದರೆ ಅಲ್ಲೇನಿದೆ? ಒಬ್ಬ ಮನುಷ್ಯ ಸುಮ್ನೆ ನಿಂತಿದ್ದಾನೆ ಅಷ್ಟೇ.

ನರಸಿಂಹರಾಜು ನಿಮ್ಮೂರಿನವರು ಎಂದು ನೀವು ಮೂರು ಸಲ ಬರೆದಿದ್ದೀರಿ. ಬರೆಯಲೇಬೇಕು, ತಪ್ಪೇನಿಲ್ಲ. ಆದರೆ ತಿಪಟೂರಿನಲ್ಲಿ ರೈಲು ಹತ್ತಿ ಒಂದಿಷ್ಟು ಮುಂದೆ ಹೋದರೆ ಅರಸೀಕೆರೆ ಬರುತ್ತದಲ್ಲ, ಅದು ಇನ್ನೊಬ್ಬ ಹಾಸ್ಯನಟ ಬಾಲಕೃಷ್ಣ ಅವರ ಊರು. ನಾಲ್ಕು ಪುಟದಲ್ಲಿ ಅವರ ಹೆಸರು ಒಂದು ಸಲವೂ ಇಲ್ಲ! ಇದನ್ನು ನಾನು ಊರು ಊರಿನ ಜಗಳ ಅಂದುಕೊಳ್ಳಲೇ?

ಬಾಲಣ್ಣನಿಗೆ ಕಿವಿ ಸರಿಯಾಗಿ ಕೇಳುತ್ತಿರಲಿಲ್ಲ. ಎದುರಿನವರ ತುಟಿ ನೋಡಿ ಮಾತು ಹಿಡಿಯುತ್ತಿದ್ದರು. ಇದು ಗೊತ್ತಾದ ಮೇಲೆ ಅವರ ಯಾವುದಾದರೂ ಚಿತ್ರ ನೋಡಿ. ಹಾಸ್ಯ ನಿಂತಿರುವುದೇ ಹೊತ್ತಿನ ಮೇಲೆ, ಅರ್ಧ ಗಳಿಗೆ ಆಚೀಚೆ ಆದರೂ ಕೆಟ್ಟಿತು. ಆ ಮನುಷ್ಯ ಮಾತ್ರ ಒಂದು ಸಲವೂ ತಾಳ ತಪ್ಪಿದಂತೆ ಕಾಣುವುದಿಲ್ಲ. ಎದುರಿನವರ ಮುಖವನ್ನು ಅವರಷ್ಟು ಗಮನವಿಟ್ಟು ನೋಡುವ ನಟರು ಕಡಿಮೆ, ಯಾಕೆಂದರೆ ಅವರಿಗೆ ನೋಡದೆ ಗತಿಯಿರಲಿಲ್ಲ. 'ಬಂಗಾರದ ಮನುಷ್ಯ'ದ ರಾಚೂಟಪ್ಪನನ್ನು ಇನ್ನೊಮ್ಮೆ ನೋಡಿ, ಅವರು ಮಾತಾಡದೆ ಬರೀ ಕೇಳಿಸಿಕೊಳ್ಳುವ ಜಾಗಗಳನ್ನು ನೋಡಿ. ನನ್ನ ಪಟ್ಟಿಯಲ್ಲಿ ಬಾಲಣ್ಣ ಅರ್ಧ ಮೆಟ್ಟಿಲು ಮೇಲೆ. ಬೈಯಿರಿ, ಪರವಾಗಿಲ್ಲ.

ಇನ್ನು ಹಾಸ್ಯ ಸತ್ತಿತು ಎಂಬ ಮಾತು. ನರಸಿಂಹರಾಜು ತೀರಿಕೊಂಡದ್ದು 1979ರಲ್ಲಿ. ಅದಾದ ಮೇಲೆಯೂ ಮಾಸ್ಟರ್ ಹಿರಣ್ಣಯ್ಯ ದಶಕಗಳ ಕಾಲ 'ಲಂಚಾವತಾರ' ಆಡಿದರು. ಬೆಳಗ್ಗೆ ಪೇಪರಿನಲ್ಲಿ ಬಂದದ್ದು ರಾತ್ರಿ ಅವರ ಬಾಯಲ್ಲಿ ಬರುತ್ತಿತ್ತು. ಅದಕ್ಕೇ ಜನ ಒಂದೇ ನಾಟಕವನ್ನು ಮತ್ತೆ ಮತ್ತೆ ನೋಡಲು ಹೋಗುತ್ತಿದ್ದರು. ಮುಂದಿನ ಸಾಲಿನಲ್ಲಿ ಮಂತ್ರಿ ಕೂತಿದ್ದರೂ ಬಿಡುತ್ತಿರಲಿಲ್ಲ. ಉಮಾಶ್ರೀ ಅವರನ್ನು ಎಷ್ಟೋ ವರ್ಷ ಬರೀ ಕಾಮಿಡಿಗೆ ಅಂತ ಒಂದು ಮೂಲೆಗೆ ಕೂರಿಸಿದ್ದರು. ಅದೇ ಉಮಾಶ್ರೀಗೆ 'ಗುಲಾಬಿ ಟಾಕೀಸ್' ಚಿತ್ರಕ್ಕೆ ರಾಷ್ಟ್ರಪ್ರಶಸ್ತಿ ಬಂತು. ನಗಿಸಲು ಬಂದವರಿಗೆ ಅಳಿಸಲು ಬರುತ್ತದೆ, ಉಲ್ಟಾ ಆಗುವುದು ಅಪರೂಪ.

ಮತ್ತೆ 1990ರ 'ಗಣೇಶನ ಮದುವೆ'? ಅದನ್ನು ಹೇಗೆ ಮರೆತಿರಿ! ನನ್ನ ಸಲಹೆ ಕೇಳಿದರೆ ಮೊಮ್ಮಗಳಿಗೆ ಮೊದಲು ತೋರಿಸಬೇಕಾದ್ದು ಅದನ್ನೇ. ಒಂದು ವಠಾರ, ಬಾಡಿಗೆಯವರ ಜೀವ ತಿನ್ನುವ ಓನರ್ ಆಗಿ ಮುಖ್ಯಮಂತ್ರಿ ಚಂದ್ರು, ಬಾಡಿಗೆಗೆ ಇರುವ ಅನಂತನಾಗ್, ಓನರ್ ಮಗಳಾಗಿ ವಿನಯಾ ಪ್ರಸಾದ್. ಎದುರಿಗೆ ಸಿಕ್ಕರೆ ಜಗಳ, ಕಾಗದದಲ್ಲಿ ಪ್ರೀತಿ, ಆ ಕಡೆ ಬರೆಯುತ್ತಿರುವವರು ಯಾರೆಂದು ಇಬ್ಬರಿಗೂ ಗೊತ್ತಿಲ್ಲ. ಕಾಗದದ ಬದಲು ಇನ್‌ಸ್ಟಾಗ್ರಾಂ ಅಂತ ಅಂದುಕೊಂಡರೆ ಆಯ್ತು, ಅವಳಿಗೆ ನೀವು ಏನೂ ವಿವರಿಸಬೇಕಾಗಿಲ್ಲ. ಬೆಂಗಳೂರಿನಲ್ಲಿ ಬಾಡಿಗೆ ಮನೆಗಳು ಇರುವವರೆಗೆ ಆ ಓನರ್‌ಗೂ ವಯಸ್ಸಾಗುವುದಿಲ್ಲ.

ಅದು ಹಿಡಿಸಿದರೆ ಆಮೇಲೆ ಹಿಂದಕ್ಕೆ ಹೋಗಿ. ನಾಟಕಕಾರ ಕೈಲಾಸಂ ಅವರನ್ನು ಮಾತ್ರ ಪುಸ್ತಕ ಕೊಟ್ಟು ಓದಿಕೋ ಅನ್ನಬೇಡಿ. ಆ ಇಂಗ್ಲಿಷ್ ಬೆರೆತ ಕನ್ನಡ ಕಣ್ಣಿಗಿಂತ ಕಿವಿಗೆ ಚೆಂದ. 'ಬಂಡ್ವಾಳ್ವಿಲ್ಲದ ಬಡಾಯಿ' ಇಟ್ಟುಕೊಂಡು ಪಾತ್ರ ಹಂಚಿಕೊಂಡು ಗಟ್ಟಿಯಾಗಿ ಓದಿ. ಬಡಾಯಿ ಲಾಯರ್ ಅಹೋಬ್ಲು ಪಾತ್ರ ಅಳಿಯನಿಗೇ ಕೊಡಿ. ಹೆಬ್ಬೆಟ್ಟು ಒತ್ತಿದ್ದಕ್ಕೆ ಶಿಕ್ಷೆ. 'ಸತ್ಯ ಹರಿಶ್ಚಂದ್ರ' ಕೊನೆಗೆ, ಪೂರ್ತಿ, ಟೀವಿಯಲ್ಲಿ, ಮನೆಯವರೆಲ್ಲ ಕೂತು.

ಒಂದೇ ಷರತ್ತು. "ಈಗ ಬರತ್ತೆ ನೋಡು, ಈಗ ಬರತ್ತೆ" ಅಂತ ಮುಂಚೆನೇ ಹೇಳಬಾರದು. ಅಭಿಮಾನಿಗಳ ದೊಡ್ಡ ಕಾಯಿಲೆ ಅದು. ನಾನು ಹಾಗೆ ಹೇಳಿ ಹೇಳಿ ನನ್ನ ಮಗನಿಗೆ ಎರಡು ಒಳ್ಳೆಯ ಸಿನಿಮಾ ಕೆಡಿಸಿದ್ದೇನೆ. ನಮ್ಮ ಮುಖ ನೋಡಿಕೊಂಡು ನಗಬೇಕೋ ಬೇಡವೋ ಅಂತ ಮಕ್ಕಳು ಲೆಕ್ಕ ಹಾಕುವ ಹಾಗಾದರೆ ನಗು ಅಲ್ಲೇ ಮುಗಿಯಿತು.

ಪತ್ರದ ಕೊನೆಗೆ, ನಿಮ್ಮ ಹತ್ತಿರ ಹಿರಣ್ಣಯ್ಯನವರ ನಾಟಕದ ಹಳೇ ಕ್ಯಾಸೆಟ್ ಇದೆ, ಟೇಪ್ ಸಿಕ್ಕಿಹಾಕಿಕೊಳ್ಳುತ್ತದೆ, ಎಸೆಯಲು ಮನಸ್ಸು ಬರುತ್ತಿಲ್ಲ ಎಂದಿದ್ದೀರಿ. ದಯವಿಟ್ಟು ಎಸೆಯಬೇಡಿ. ನಮ್ಮ ಆಫೀಸಿನಲ್ಲಿ ಒಂದು ಟೇಪ್ ರೆಕಾರ್ಡರ್ ಇನ್ನೂ ಓಡುತ್ತಿದೆ, ಟೇಪ್ ಬಿಡಿಸಲು ಪೆನ್ಸಿಲ್ ನಾನೇ ಇಟ್ಟಿರುತ್ತೇನೆ. ಅಂಚೆಗೆ ಹಾಕಬೇಡಿ, ನೀವೇ ತನ್ನಿ, ಮೊಮ್ಮಗಳನ್ನೂ ಕರೆದುಕೊಂಡು ಬನ್ನಿ.