ವರ್ಗೀಕರಣವೆಂದರೆ ಬಾಯಿಪಾಠದ ಪಟ್ಟಿಯಲ್ಲ

ಹುಮನಾಬಾದ್ ಕಡೆಯ ಓದುಗರೊಬ್ಬರು ಬರೆದಿದ್ದಾರೆ: 'ಮಗಳು ಕಲಬುರಗಿಯಲ್ಲಿ ಸೂಕ್ಷ್ಮಜೀವಿಶಾಸ್ತ್ರ ಓದುತ್ತಾಳೆ. ಯಾವಾಗ ನೋಡಿದರೂ ವರ್ಗೀಕರಣ. ಯಾವ ಜೀವಿ ಯಾವ ಗುಂಪಿಗೆ ಸೇರಿದರೆ ನಮಗೇನು? ಚಳಿ ಬಂತೆಂದರೆ ನಮ್ಮ ಗೋಬರ್ ಗ್ಯಾಸ್ ಒಲೆ ಆರುತ್ತದೆ, ಅದನ್ನಾದರೂ ಕಲಿಸಬಾರದೆ?'

ಕೈಗೆ ಬರುವ ವಿದ್ಯೆ ಬೇಕು, ಒಪ್ಪಿದೆ. ಆದರೆ ಉದಾಹರಣೆಗೆ ಗೋಬರ್ ಗ್ಯಾಸನ್ನೇ ಹಿಡಿದಿರಲ್ಲ! ವರ್ಗೀಕರಣವನ್ನು ಬುಡಮೇಲು ಮಾಡಿದ್ದೇ ಮೀಥೇನ್ ಹುಟ್ಟಿಸುವ ಆ ಜೀವಿಗಳು.

ಅವು ಬೇರೆಯೇ ಗುಂಪೆಂದು ಗುರುತಿಸಿದವರು ವಿಜ್ಞಾನಿ ಕಾರ್ಲ್ ವೋಸ್. 1928ರಲ್ಲಿ ಅಮೆರಿಕದಲ್ಲಿ ಹುಟ್ಟಿ, ಗಣಿತ, ಭೌತಶಾಸ್ತ್ರ ಓದಿ, 1964ರಲ್ಲಿ ಇಲಿನಾಯ್ ವಿಶ್ವವಿದ್ಯಾಲಯ ಸೇರಿದರು. ಬ್ಯಾಕ್ಟೀರಿಯಾಗಳ ಆಕಾರ ನೋಡಿ ನೆಂಟಸ್ತನ ಹೇಳಲಾಗದು. ಕೋಲು, ಗುಂಡು, ಸುರುಳಿ ಇಷ್ಟೇ. ವೋಸ್ ಎಲ್ಲ ಜೀವಕೋಶಗಳಲ್ಲೂ ಇರುವ, ಪ್ರೋಟೀನ್ ತಯಾರಿಸುವ ಕಣವಾದ ರೈಬೋಸೋಮಿನ ಆರ್‌ಎನ್‌ಎಯನ್ನು ಹಿಡಿದರು. ಅದು ರಾಸಾಯನಿಕ ಅಕ್ಷರಗಳ ಎಳೆ, ನೆಂಟಸ್ತನ ಹತ್ತಿರವಾದಷ್ಟೂ ಅಕ್ಷರಗಳ ಸಾಲು ಹೋಲುತ್ತದೆ. ಜೀವಿಗೆ ವಿಕಿರಣಶೀಲ ರಂಜಕ (ಫಾಸ್ಫರಸ್) ಉಣಿಸಿ, ಸುಮಾರು 1,500 ಅಕ್ಷರಗಳ ಆ ಎಳೆಯನ್ನು ಬೇರ್ಪಡಿಸಿ, ಪ್ರತಿ 'ಜಿ' ಅಕ್ಷರದ ನಂತರ ಕತ್ತರಿಸುವ ಕಿಣ್ವದಿಂದ ತುಂಡರಿಸಬೇಕು. ತುಂಡುಗಳನ್ನು ವಿದ್ಯುತ್ತಿನಿಂದ ಎರಡು ದಿಕ್ಕಿಗೆ ಹರಡಿ ಎಕ್ಸ್‌-ರೇ ಫಿಲ್ಮಿನಡಿ ಇಡಬೇಕು. ಆಮೇಲೆ ದೀಪದ ಪೆಟ್ಟಿಗೆಯ ಮೇಲೆ ಕಪ್ಪು ಚುಕ್ಕೆಗಳನ್ನು ಒಂದೊಂದಾಗಿ ಓದುವುದು. ವರ್ಷಗಟ್ಟಲೆ ಇದೇ ಕೆಲಸ.

ಸಹೋದ್ಯೋಗಿ ರಾಲ್ಫ್ ವುಲ್ಫ್ ಆಮ್ಲಜನಕ ತಾಗಗೊಡದೆ ಮೀಥೇನ್ ಜೀವಿಗಳನ್ನು ಬೆಳೆಸುತ್ತಿದ್ದರು. 1976ರಲ್ಲಿ ಅವುಗಳ ಫಿಲ್ಮ್ ನೋಡಿದರೆ, ಬ್ಯಾಕ್ಟೀರಿಯಾಗಳಲ್ಲೆಲ್ಲ ಇರುವ ಚುಕ್ಕೆಗಳೇ ಇಲ್ಲ. ಅಂದರೆ ಇವು ಬ್ಯಾಕ್ಟೀರಿಯಾಗಳೇ ಅಲ್ಲ, ಬೇರೆಯೇ ಒಂದು ಗುಂಪು. 1977ರ ನವೆಂಬರಿನಲ್ಲಿ ಜಾರ್ಜ್ ಫಾಕ್ಸ್ ಜೊತೆ ವೋಸ್ ಇದನ್ನು ಪ್ರಕಟಿಸಿದಾಗ, ನೊಬೆಲ್ ಪಡೆದಿದ್ದ ಸಾಲ್ವಡಾರ್ ಲೂರಿಯಾ ವುಲ್ಫ್‌ಗೆ ಫೋನ್ ಮಾಡಿ, ಇದರಿಂದ ದೂರ ಸರಿಯಿರಿ ಎಂದರು. ಲೋಕ ಒಪ್ಪಲು ವರ್ಷಗಳೇ ಹಿಡಿದವು. ಈ ಗುಂಪಿಗೆ ಆರ್ಕಿಯಾ ಎಂಬ ಹೆಸರು ಬಂದದ್ದು 1990ರಲ್ಲಿ.

ಈಗ ನಿಮ್ಮ ಗೋಬರ್ ಗ್ಯಾಸ್ ಗುಂಡಿಯ ವಿಷಯಕ್ಕೆ ಬರೋಣ. ಅಲ್ಲಿ ಎರಡು ಪಂಗಡಗಳಿವೆ. ಬ್ಯಾಕ್ಟೀರಿಯಾ ಸಗಣಿಯನ್ನು ಆಮ್ಲವಾಗಿಸುತ್ತವೆ. ಅವುಗಳ ಹಿಂದೆ ಬರುವ ಆರ್ಕಿಯಾ ಮೀಥೇನ್ ಮಾಡುತ್ತವೆ. 35 ಡಿಗ್ರಿ ಆಸುಪಾಸಿನಲ್ಲಿ ಚುರುಕಾಗಿರುವ ಆರ್ಕಿಯಾ, ಬೀದರಿನ ಡಿಸೆಂಬರ್ ಚಳಿಗೆ ಮಂದವಾಗುತ್ತವೆ. ಮೊದಲ ಪಂಗಡ ನಿಲ್ಲುವುದಿಲ್ಲ, ಆಮ್ಲ ಏರುತ್ತದೆ, ಪಿಎಚ್ (ಆಮ್ಲ ಏರಿದಷ್ಟೂ ಇಳಿಯುವ ಅಳತೆ) 6.5ಕ್ಕಿಂತ ಇಳಿದರೆ ಗ್ಯಾಸ್ ಬಂದರೂ ಉರಿಯದು, ಬಹುಪಾಲು ಇಂಗಾಲದ ಡೈಆಕ್ಸೈಡೇ. ಗ್ಯಾಸ್ ಕಮ್ಮಿಯಾಯಿತೆಂದು ಇನ್ನಷ್ಟು ಸಗಣಿ ಸುರಿಯುವುದೇ ದೊಡ್ಡ ತಪ್ಪು. ಕೆಲ ದಿನ ಸುರಿಯುವುದು ನಿಲ್ಲಿಸಿ. ಸುಣ್ಣದ ತಿಳಿನೀರು ಸ್ವಲ್ಪ ಸ್ವಲ್ಪವೇ ಹಾಕಿ, ಪಿಎಚ್ ಕಾಗದದಲ್ಲಿ 7ರ ಹತ್ತಿರ ಬರುವವರೆಗೆ ನೋಡಿ. ಚೆನ್ನಾಗಿ ನಡೆಯುವ ಬೇರೆ ಗುಂಡಿಯ ರಾಡಿ ಕೆಲವು ಬಕೆಟ್ ಸೇರಿಸಿ. ಆಮೇಲೆ ಸಗಣಿಗೆ ಸಮನಾಗಿ ಬೆಚ್ಚಗಿನ ನೀರು. ಗುಂಡಿಯ ಸುತ್ತ ಕಣಕಿ ಒಟ್ಟಿ.

ಗುಂಡಿಯಲ್ಲಿರುವುದೆಲ್ಲ ಒಂದೇ 'ಬ್ಯಾಕ್ಟೀರಿಯಾ' ಎಂದುಕೊಂಡವರಿಗೆ ಈ ಜಗಳ ಕಾಣುವುದೇ ಇಲ್ಲ. ಆದರೂ ನಮ್ಮ ಪಿಯುಸಿ ಪುಸ್ತಕ ಜೀವಿಗಳನ್ನೆಲ್ಲ ಐದು ಗುಂಪಾಗಿಸಿದ 1969ರ ವಿಟೇಕರ್ ಐದು ಸಾಮ್ರಾಜ್ಯಗಳನ್ನೇ ಹಿಡಿದು ಕೂತಿದೆ, ಆರ್ಕಿಯಾಗಳಿಗೆ ಬ್ಯಾಕ್ಟೀರಿಯಾಗಳ ಸಾಮ್ರಾಜ್ಯವಾದ ಮೊನೆರಾದ ಮೂಲೆಯಲ್ಲಿ ಒಂದು ಪ್ಯಾರಾ. ಗೈಡುಗಳಲ್ಲಿ ಅದೂ ಇಲ್ಲ, ಅಂಕಕ್ಕೊಂದು ಕೋಷ್ಟಕ ಅಷ್ಟೇ. ನಿಮ್ಮ ಸಿಟ್ಟನ್ನು ಆ ಗೈಡುಗಳ ಕಡೆ ತಿರುಗಿಸಿ, ನಿಮ್ಮ ಜೊತೆ ನಾನೂ ಇದ್ದೇನೆ.